ತುದಿ

ಮೂರು ರಾತ್ರಿ ಕಂಡಿತ್ತಂತೆ, ಹನ್ನೊಂದು ವರ್ಷದ ಹಿಂದೆ.
ಆಮೇಲೆ ಮೋಡ, ಆಮೇಲೆ ಹುಣ್ಣಿಮೆ,
ಆಮೇಲೆ ಯಾರಿಗೂ ಪುರುಸೊತ್ತಿಲ್ಲ.
ಗುರುಗ್ರಹ ಸುತ್ತುವ ಒಂದು ಕಲ್ಲು,
ಹೆಸರಿಲ್ಲ, ಬರೀ ಸಂಖ್ಯೆ;
ದಿಬ್ಬೂರಹಳ್ಳಿ ರಸ್ತೆಯಿಂದ ಗೂಡಿನ ಮಾರುಕಟ್ಟೆಗೆ
ನಡೆದುಹೋದಷ್ಟು ಅಗಲ.

ಆ ಮೂರು ಚುಕ್ಕೆ ಹಿಡಿದು
ಶಿಡ್ಲಘಟ್ಟದ ಈ ಶೀಟಿನ ಮಾಡಿನಡಿ
ಅದು ಈಗೆಲ್ಲಿ ಎಂದು ಲೆಕ್ಕ ಹಾಕುತ್ತೇನೆ.
ಕೆಳಗೆ ಅಬ್ಬಾ ಬೇಸಿನ್ನಿಗೆ ಉರಿ ಹಾಕುತ್ತಾರೆ.
ಬೆಂದ ಹುಳುವಿನ ವಾಸನೆ ಮೆಟ್ಟಿಲು ಹತ್ತಿ ಬಂದು
ಕೀಲಿಮಣೆಯ ಮೇಲೆ ಕೂರುತ್ತದೆ.

ದೊಡ್ಡ ಚಂದ್ರಗಳು ತಿರುಗುವುದಕ್ಕೆ ಇದು ಉಲ್ಟಾ.
ಎರಡು ಕೋಟಿ ಮೂವತ್ತು ಲಕ್ಷ ಕಿಲೋಮೀಟರ್ ಆಚೆ
ಗುರುವಿನ ಮಾತು ಕೇಳಿದಂತೆ ಮಾಡಿ
ಆಗಾಗ ಸೂರ್ಯನ ಕಡೆ ವಾಲುತ್ತದೆ.
ಏಳುನೂರು ಚಿಲ್ಲರೆ ದಿನಕ್ಕೆ ಒಂದು ಸುತ್ತು,
ಆ ಸುತ್ತೂ ಮುಚ್ಚಿಕೊಳ್ಳುವುದಿಲ್ಲ.
ಎಳೆತಗಳನ್ನೆಲ್ಲ ಕೂಡಿಸಿ ಒಂದು ಗಂಟೆ ಮುಂದೆ,
ಮತ್ತೆ ಕೂಡಿಸಿ ಮತ್ತೊಂದು ಗಂಟೆ.
ಕರೆಂಟ್ ಹೋದರೆ ಪಾಪ, ಇದ್ದಲ್ಲೇ ನಿಂತಿರುತ್ತದೆ
ಕಂಬದವನು ಬರುವವರೆಗೆ.

"ದಿನಾ ಅದನ್ನೇ ನೋಡ್ತೀಯಲ್ಲ ತಾಯಿ,
ನಮ್ಮ ಹುಡುಗಿಗೆ ಗುರುಬಲ ಯಾವತ್ತು ಹೇಳು"
ಅಂತಾರೆ ಎದುರುಮನೆ ಗಂಗುಲಮ್ಮ, ಜಾತಕ ತಂದು.
ನಾನು ಗುರುವನ್ನು ನೋಡುವುದಿಲ್ಲ ಗಂಗುಲಮ್ಮ.
ಅವನ ಬೆಳಕು ಅಡ್ಡ ಬರುತ್ತದೆ.

ಅಬ್ಬಾನ ಬೆರಳು. ಮೂವತ್ತೈದು ವರ್ಷ
ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಗೆರೆಯೆಲ್ಲ ಸವೆದಿದೆ.
ರೇಷನ್ ಅಂಗಡಿಯ ಯಂತ್ರ ನಾಲ್ಕು ಸಲ ಒತ್ತಿಸಿಕೊಂಡು
ಇವರು ದಸ್ತಗೀರ್ ಸಾಬ್ ಅಲ್ಲ ಎನ್ನುತ್ತದೆ.
ಅಬ್ಬಾ ನಗುತ್ತಾರೆ,
ಹೆಬ್ಬೆರಳನ್ನು ಲುಂಗಿಗೆ ಒರೆಸಿ
ಐದನೇ ಸಲ ಒತ್ತುತ್ತಾರೆ.

ನಿನ್ನೆ, ದೂರದ ಬೆಟ್ಟದವರು ಎರಡು ಚಿತ್ರ ಕಳಿಸಿದರು.
ನಾನು ಹೇಳಿದ ಜಾಗದಲ್ಲಿ ಏನೂ ಇಲ್ಲ.
ಪಕ್ಕಕ್ಕೆ, ಕೂದಲೆಳೆಯಷ್ಟು ಆಚೆ
ಒಂದು ಮಸುಕು.
ಇದರಿಂದ ಅದಕ್ಕೆ ಗುರುವಿನ ಜೊತೆಗೇ ಸರಿದಿದೆ.
ನಮ್ಮದೋ, ಇನ್ಯಾವುದೋ?

ಎರಡೆರಡು ಮೆಟ್ಟಿಲು ಹಾರಿ ಇಳಿದೆ.
ಸಿಕ್ತು ಅಬ್ಬಾ, ತುದಿ ಸಿಕ್ತು!

ಅವರು ತಲೆ ಎತ್ತಲಿಲ್ಲ.
"ತುದಿ ಎಲ್ಲರಿಗೂ ಸಿಗುತ್ತೆ ರೈಹಾನಾ,"
ಆವಿಯೊಳಗಿಂದ ದನಿ,
"ಇನ್ನೂರು ಗಜ ಬಿಚ್ಚಲಿ, ಕಡೀದೆ.
ಆಮೇಲೆ ಹೇಳು."

ಮೇಲೆ ಬಂದೆ. ಮೂರನೇ ಚಿತ್ರ ಇನ್ನೂ ಬರಬೇಕು.
ಸಂಖ್ಯೆಯ ಮುಂದಿದ್ದ ಪ್ರಶ್ನೆಚಿಹ್ನೆಯನ್ನು
ಅಳಿಸಲು ಹೋದವಳು
ಹಾಗೇ ಬಿಟ್ಟೆ.