ಮಾಳಗಿ ಮ್ಯಾಲಿನ ನೀರು

ಫರಸಿ ಕೊಯ್ಯೋ ಮಿಷಿನ್ ಬಿಟ್ಟು
ಅವ ಬರೋದು ಸಂಜಿ ಆರೂವರಿಗೆ.
ಹೊಸ್ತಿಲ ದಾಟಲ್ಲ.
ಹುಬ್ಬು ಬೆಳ್ಳಗ, ರೆಪ್ಪಿ ಬೆಳ್ಳಗ,
ಕಿವಿ ಹಿಂದಿನ ಗುಳಿಯೊಳಗ ಒಣಗಿದ ಕಲ್ಲಿನ ಕೆಸರು.
ಮದಿವ್ಯಾದ ಹೊಸತರಾಗ ಅಂಜಿದ್ದೆ ನಾ,
ಮುಂಜಾನಿ ಹೋದಾವ ಸಂಜಿಗೆ ಮುದುಕನಾಗಿ ಬರ್ತಾನ,
ಎರಡು ಬಕೆಟ್ ನೀರು ಬಿದ್ದ ಮ್ಯಾಲ
ಮತ್ತ ಇಪ್ಪತ್ತೆಂಟರ ಗಂಡ.

ತಣ್ಣೀರಿಗೆ ಹೋಗಲ್ಲ ಅದು.
ಶಹಾಬಾದಿನ ಕಲ್ಲು, ಹಟಮಾರಿ,
ತಣ್ಣೀರು ಸುರುವಿದ್ರ ಮೈಗೆ ಇನ್ನಷ್ಟು ಬಿಗೀತದ.

ಮೊದಲ ತೊಗರಿ ಕಟಗಿ ಇತ್ತು, ಹಂಡೆ ಇತ್ತು,
ನನ್ನ ಕಣ್ಣಾಗ ಹೊಗಿ ಇತ್ತು.
ಆಮ್ಯಾಲ ಬಕೆಟ್ಟಿಗೆ ಇಳಿಬಿಡೋ ರಾಡ್ ಬಂತು.
ರಾಡ್ ಹಚ್ಚಿದ್ರ ಸಾಕು, ಮೀಟರಿನ ಕೆಂಪು ದೀಪ
ಬಸ್‌ಸ್ಟ್ಯಾಂಡಿನ ಪುಂಡನಂಗ ಕಣ್ಣು ಹೊಡೀತಿತ್ತು.
ತಿಂಗಳಿಗೊಮ್ಮೆ ಜೆಸ್ಕಾಂ ಹುಡುಗ ಬಂದು
ಕಣ್ಣು ಹೊಡದದ್ದರ ಲೆಕ್ಕ ಕೊಟ್ಟು ಹೋಗ್ತಿದ್ದ.
ಒಂಬೈನೂರ ನಲವತ್ತು.
ಸಾವಿರದ ಹತ್ತು.
ಚೀಟಿ ಮಡಚಿ ಜ್ವಾಳದ ಡಬ್ಬಿ ಕೆಳಗ ಇಡ್ತಿದ್ದೆ,
ಬರಬರ್ತ ಡಬ್ಬೀನೇ ಅಲಗಾಡ್ಲಿಕ್ಕ ಹತ್ತಿತು.

ಮಹಿಳಾ ಸಂಘದಾಗ ಸಾಲದ ಪಾಳಿ ನಂದು ಬಂದಾಗ
ಬಂಗಾರ ಬ್ಯಾಡ, ಬಿಸಲು ತಗೋತೀನಿ ಅಂದೆ.
ಖಮರುನ್ನಿಸಾ ನಕ್ಕು ನಕ್ಕು ಕಣ್ಣು ಒರಸಿಕೊಂಡ್ಲು:
"ಜಗದೇವಿ, ಈ ಊರಾಗ ರೊಕ್ಕ ಕೊಟ್ಟು ಬಿಸಲು ತಗೋಳೋದಂದ್ರ
ಸಮುದ್ರದಾಗ ಕುಂತು ಉಪ್ಪಿನ ಪುಡಿಕಿ ಕೊಂಡಂಗ!"

ಕೊಂಡೆ.
ಮಶಾಕ ಬಂದು ಮಾಳಗಿ ಮ್ಯಾಲ
ಹದಿನೈದು ಗಾಜಿನ ಕೊಳವಿ ಜೋಡಿಸಿದ.
"ದಕ್ಷಿಣಕ್ಕ ಯಾಕ ಮುಖ?" ಅತ್ತಿ ತಕರಾರು,
"ಯಮನ ದಿಕ್ಕದು."
"ಅವ್ವಾ, ನಮ್ಮೂರ ಬ್ಯಾಸಗಿಗೆ ಅಂಜಿ
ಯಮ ಎಂದೋ ಜಾಗ ಖಾಲಿ ಮಾಡ್ಯಾನ," ಅಂದ ಅವ.

ಅವತ್ತು ಸಂಜಿ ನಳ ತಿರುವಿದೆ.
ಮೊದಲರ್ಧ ಬಕೆಟ್ ತಣ್ಣಗ.
ನನ್ನೆದಿ ಅದಕಿಂತ ತಣ್ಣಗ.
ಆಮ್ಯಾಲ ಕೈ ಸುಟ್ಟಿತು.
ಸುಟ್ಟ ಬೆರಳು ಬಾಯಾಗಿಟ್ಟು ಒಬ್ಬಾಕಿನೇ ನಕ್ಕೆ.
ಆ ತಣ್ಣನ ಅರ್ಧ ಬಕೆಟ್ ಈಗ ದಿನಾ ಕರಿಬೇವಿಗೆ.

ಚರಿಗಿ ಚರಿಗಿ ಅವನ ಬೆನ್ನಿಗೆ ಎರೀತೀನಿ,
ಹಾಲಿನಂಥ ನೀರು ಮೋರಿಗಿ ಇಳೀತದ.
ತಗಡಿನ ಕೆಳಗ ದಿನವಿಡೀ ನಿನ್ನ ಸುಟ್ಟ ಬಿಸಲು
ಈಗ ಚರಿಗ್ಯಾಗ ಬಂದು ತಪ್ಪಾತು ಅಂತದ ನೋಡು, ಅಂದ್ರ
"ಸಾಬಣ ಕೊಡು" ಅಂತಾನ.

ಚೀಟಿ ಇಳದದ. ನಾಕನೂರ ಮೂವತ್ತು.
ಉಳಿದದ್ದು ಎಲ್ಲಿ ಹೋತು ಕೇಳಬ್ಯಾಡ್ರಿ,
ರೊಕ್ಕಕ್ಕ ಕೊಳವಿ ಇರಲ್ಲ, ತೂತೇ ಇರ್ತಾವ.
ಸಂಘದ ಕಂತು, ಅತ್ತಿ ಚಷ್ಮಾ,
ಅವನ ಮುಖಕ್ಕೊಂದು ಮಾಸ್ಕ್.
ಕಟ್ಟಲ್ಲ. ಉಸಿರು ಸಿಗಲ್ಲ ಅಂತಾನ.
ಮೊಳಿಗೆ ನೇತಾಡ್ತದ.

ಮೇ ತಿಂಗಳದಾಗ ಎರಡೂ ನಳದಾಗ ಬಿಸಿನೀರೇ,
ತಣ್ಣೀರಿಗೆ ಯಾರ ಹತ್ರ ಸಾಲ ತಗೀಲಿ?
ಶ್ರಾವಣದಾಗ ನಾಕು ದಿನ ಮೋಡ ಮುಚ್ಚಿದ್ರ
ಮತ್ತ ಅದೇ ರಾಡ್, ಅದೇ ಪುಂಡನ ಕಣ್ಣು.

ಎರಡು ವರ್ಷಕ್ಕ ನೀರು ಉಗುರುಬೆಚ್ಚಗಾತು.
ಮಶಾಕ ಬಂದು ಕೊಳವಿ ಬಿಚ್ಚಿದ.
"ಈ ಊರ ಬೋರಿನ ನೀರು, ಅಕ್ಕಾ. ಒಳಗ ಕಲ್ಲು ಕುಂತದ."
ಪೈಪಿನ ಬಾಯಿಂದ ಬಡದು ಬಡದು
ಒಂದು ಬೆಳ್ಳನ ಉಂಗುರ ಕೆಡವಿದ,
ಕೂಸಿನ ಬಳಿಯಷ್ಟು ದೊಡ್ಡದು.
ನಮ್ಮ ಇಷ್ಟೂ ದಿನದ ಜಳಕ ಸೇರಿ ಇಷ್ಟು ಬಳಿ.

ಸಂಜಿಗೆ ಅವನ ಕೈಯಾಗಿಟ್ಟೆ.
ದೀಪಕ್ಕ ಹಿಡದ, ಉಗುರಲೆ ಕೆರದ,
ಕಸುಬಿನವನ ಕಣ್ಣಿಲೆ ನೋಡಿ
"ಪಾಲಿಶ್ ಚಲೋ ಬರ್ತದ" ಅಂದ.
ಕೆಮ್ಮಿದ.

ಕೊಳವಿ ಆದ್ರ ಮಶಾಕ ತೊಳದ,
ಎದಿ ಬಿಚ್ಚಿ ತೊಳಿಯೋರು ಯಾರು ಅಂತ
ಕೇಳಲಿಲ್ಲ ನಾ.
ನಳ ತಿರುವಿದೆ.
ಆ ಮೊದಲರ್ಧ ಬಕೆಟ್ ತುಂಬೋತನಕ
ಇಬ್ಬರೂ ಸುಮ್ಮನಿದ್ದಿವಿ.