ಅಮ್ಮತ್ತಿಯಲ್ಲಿ ಹೊಗೆ ಬಿಟ್ಟ ಸಂಜೆ

ಯಂತ್ರ ಎಡ ಹೆಗಲಿಗೆ.
ಸ್ಟಾರ್ಟ್ ಆಗುವವರೆಗೆ ಅದು ಕೆಮ್ಮುತ್ತದೆ,
ಆಮೇಲೆ ನಾನು.

ಡೀಸೆಲ್ಲಿಗೆ ಔಷಧಿ ಬೆರೆಸಲು ಅಳತೆಯ ಲೋಟವಿತ್ತು,
ಹೋದ ವರ್ಷ ಒಡೆಯಿತು.
ಈಗ ಬಾಟಲಿ ಮುಚ್ಚಳದ ಅಂದಾಜು.
ಕೈಗವಸು ಒಂದೇ, ಬಲಗೈಯದ್ದು.
ಮಾಸ್ಕು ಎಂದರೆ ಹೆಂಡತಿಯ ಹಳೇ ವೇಲು, ಎರಡು ಮಡಿಕೆ.

ಹೂಮಳೆ ಬಿದ್ದು ಒಂಬತ್ತನೇ ದಿನ.
ತೋಟವೆಲ್ಲ ಬೆಳ್ಳಗೆ ಬಿರಿದು
ಬಸ್ಸಿನಲ್ಲಿ ಕೂತವರಿಗೂ ತಲೆ ತಿರುಗುವಷ್ಟು ಘಮ.
ಅವತ್ತೇ ಫೋನು ಬಂತು:
ಲೈನ್‌ಮನೆಯ ಅಂಜಲೈಯ ಮಗಳು ಮಲರ್, ಐದನೇ ಕ್ಲಾಸು,
ಮೈಸೂರು ಮುಟ್ಟುವ ಮೊದಲೇ, ಹುಣಸೂರಿನ ಹತ್ತಿರ, ಆಂಬ್ಯುಲೆನ್ಸಿನಲ್ಲಿ...
ಅಷ್ಟು ಹೇಳಿ ಮೆಂಬರ್ ಉತ್ತಯ್ಯ ಇಟ್ಟುಬಿಟ್ಟರು.
ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದರು:
‘ದಟ್ಟಗೆ ಬಿಡು. ಜನಕ್ಕೆ ಕಾಣಬೇಕು.’

ಕಂಡಿತು.
ಕೋಳಿ ಅಂಗಡಿ, ಟೈರು ಅಂಗಡಿ, ಶಾಲೆಯ ಗೇಟು
ಒಂದೊಂದಾಗಿ ಅಳಿಸಿಹೋದವು.
ಮಕ್ಕಳು ಹಿಂದೆಯೇ ಓಡಿಬಂದು
ಮೋಡದೊಳಗೆ ಹೊಕ್ಕು, ಒಬ್ಬರನ್ನೊಬ್ಬರು ಕಳೆದುಕೊಂಡು
ಕಿರುಚಿ ನಕ್ಕರು. ಮಲರ್‌ಳ ತಮ್ಮನೂ ಇದ್ದ ಅವರಲ್ಲಿ.
ದೂರ ಹೋಗಿ ಅಂದೆ;
ಯಂತ್ರದ ಸದ್ದಿಗೆ ನನ್ನ ಬಾಯಿ ಆಡಿದ್ದಷ್ಟೇ ಕಂಡಿರಬೇಕು.
ಒಬ್ಬಾಕೆ ಕಿಟಕಿ ತೆರೆದು
‘ನಮ್ಮ ಬಚ್ಚಲಿಗೂ ಒಂಚೂರು’ ಎಂದಳು,
ಮಂಗಳಾರತಿಗೆ ಕೈ ಒಡ್ಡಿದ ಹಾಗೆ.

ನನ್ನ ಅಜ್ಜಿ ಹೇಳುತ್ತಿದ್ದಳು:
ಚಳಿಜ್ವರದ ಕಾಲದಲ್ಲಿ ಒಂದು ಮನೆಗೆ ಪಕ್ಕದವರು ಗಂಜಿ ಬೇಯಿಸಿದರೆ
ಮರುದಿನ ಪಕ್ಕದ ಮನೆಯಲ್ಲೂ ಒಲೆ ಹಚ್ಚುವವರಿಲ್ಲ.
ಡಿಡಿಟಿಯವರು ಬಂದು ಗೋಡೆಗೆ ಹೊಡೆದು
ಗೇರುಬಣ್ಣದಲ್ಲಿ ತಾರೀಕು ಬರೆದು ಹೋದರು.
ಆ ತಾರೀಕಿನ ಮೇಲೆ ಸುಣ್ಣ ಬಳಿಯಲು
ಸಾಯುವವರೆಗೂ ಬಿಡಲಿಲ್ಲ ಅವಳು.
ಆ ವರ್ಷ ಬೆಕ್ಕುಗಳೆಲ್ಲ ಸತ್ತವು ಎಂಬುದನ್ನೂ
ಅದೇ ಉಸಿರಿನಲ್ಲಿ ಹೇಳುತ್ತಿದ್ದಳು.

ಬೆಳಿಗ್ಗೆ ಪಂಚಾಯಿತಿ ಮೆಟ್ಟಿಲ ಮೇಲೆ ದೇಚಮ್ಮ, ಕೈಯಲ್ಲಿ ಮೊರ.
ಕಾಫಿ ಪುಡಿಯೇನೋ ಅಂದುಕೊಂಡೆ.
ತುಡುವೆ ಜೇನು. ಮೂರು ಪೆಟ್ಟಿಗೆಯದ್ದು.
ಕೆಲವಕ್ಕೆ ಕಾಲಿನಲ್ಲಿ ಇನ್ನೂ ಕೆನೆಬಣ್ಣದ ಪರಾಗದ ಉಂಡೆ.
‘ಐದೂವರೆಗೆ ಇವು ಹೂವಲ್ಲೇ ಇರ್ತವಲ್ಲ.
ಕತ್ತಲಾದ ಮೇಲೆ ಬಿಡಬಾರದಿತ್ತಾ?’
ಈ ಸೊಳ್ಳೆ ಹಗಲು ಕಚ್ಚುವಂಥದ್ದು, ಕತ್ತಲಿಗೆ ಬಿಟ್ಟರೆ ವ್ಯರ್ಥ
ಅನ್ನಬೇಕಿತ್ತು. ಅನ್ನಲಿಲ್ಲ.
‘ಆ ಹುಡುಗಿಗೆ ಎಷ್ಟು?’ ಅವರೇ ಕೇಳಿದರು.
ಹತ್ತು ಅಂದೆ.
ಮೊರವನ್ನು ಮಡಿಲಿಗೆ ಎಳೆದುಕೊಂಡು ಸುಮ್ಮನೆ ಕುಳಿತರು.

ಮಧ್ಯಾಹ್ನ ಆಶಾ ರುಕಿಯಾಳ ಜೊತೆ ಲೈನಿಗೆ ಹೋದೆ.
ಅಂಜಲೈಯ ಮನೆಯ ಹಿಂದೆ ನೀಲಿ ಡ್ರಮ್ಮು.
ಟಾರ್ಚು ಬಿಟ್ಟಳು:
ಕೊಂಕಿ ಕೊಂಕಿ ಕುಣಿಯುತ್ತಿದ್ದವು ಹುಳ,
ನನ್ನ ಹೊಗೆಯ ಸುದ್ದಿಯೇ ಮುಟ್ಟದವರ ಹಾಗೆ.
‘ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ, ಒಣಗಿಸಿ...’
ಬಾಯಿಪಾಠ ಅರ್ಧಕ್ಕೇ ನಿಲ್ಲಿಸಿದಳು ರುಕಿಯಾ.
ಲೈನಿಗೆ ನಲ್ಲಿ ಬರುವುದು ಮಂಗಳವಾರ ಮಾತ್ರ.
ಅವತ್ತು ಗುರುವಾರ.

ಅಂಜಲೈ ಹೊರಗೆ ಬಂದಳು. ನಮ್ಮ ಕಡೆ ನೋಡಲಿಲ್ಲ.
ಡ್ರಮ್ಮನ್ನು ಎರಡು ಕೈಯಲ್ಲಿ ತಬ್ಬಿ
ವಾಲಿಸಿದಳು.
ಐದು ದಿನದ ನೀರು ಸೀಬೆ ಗಿಡದ ಬುಡಕ್ಕೆ ಹರಿದು
ಮಲರ್‌ಳ ಒಂದು ಚಪ್ಪಲಿಯನ್ನು ಸ್ವಲ್ಪ ದೂರ ತೇಲಿಸಿತು.

ರಾತ್ರಿ ನನ್ನ ಹೆಂಡತಿ, ಆರು ತಿಂಗಳು ತುಂಬಿದವಳು,
ನಿನ್ನೆಯ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ ಹಿಂಡಿದಳು.
ನೀರಿನ ಮೇಲೆ ಎಣ್ಣೆ ಬಣ್ಣಬಣ್ಣ.
ಹಿತ್ತಿಲ ಬಾಗಿಲಲ್ಲಿ ನಿಂತು ‘ಇದನ್ನ ಎಲ್ಲಿ ಚೆಲ್ಲಲಿ?’ ಎಂದಳು.
ಕೆಳಗೆ ಗದ್ದೆ, ಕಪ್ಪೆಗಳು ಒದರುತ್ತಿದ್ದವು.
ಈಚೆಗೆ ಬಾವಿ. ಆಚೆಗೆ ಅವಳದೇ ಹರಿವೆ ಸೊಪ್ಪಿನ ಮಡಿ.

ಅಲ್ಲೇ ಇಡು ಅಂದೆ.
ಮಲಗುವ ಮುಂಚೆ ಎದ್ದು ಹೋಗಿ
ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ ಬಂದೆ,
ನಿಂತ ನೀರು, ಮುಚ್ಚಿಡಬೇಕಲ್ಲ.