ಅಂಗುಲಗಲದ ಅಂಕಣ

ಮ್ಫಂಗಾನೊ ದ್ವೀಪದ ನನ್ನ ದಾಖಲೆ ಪುಸ್ತಕದಲ್ಲಿ
'ವಿಧಾನ ಬದಲಿಸಿದ ಕಾರಣ'ಕ್ಕೆ ಇರುವುದು
ಅಂಗುಲಗಲದ ಜಾಗ.
ಎರಡು ಪದ ಹಿಡಿಸುತ್ತದೆ.
ಬರೆಯುತ್ತೇನೆ: ಅಡ್ಡ ಪರಿಣಾಮ.

ಅವಿನೊ ಬಂದಿದ್ದಾಳೆ,
ಮುಂಗೈಗೆ ಒಮೆನಾ ಮೀನಿನ ಬೆಳ್ಳಿ ಅಂಟಿಸಿಕೊಂಡು.
ಆರು ವರ್ಷಕ್ಕೆ ಇದು ನಾಲ್ಕನೆಯದು.

ಮೊದಲು ಗುಳಿಗೆ.
ದೀಪ ಹಚ್ಚಿ ರಾತ್ರಿಯೆಲ್ಲ ಬಲೆ ಬೀಸುವವನ ಹೆಂಡತಿಗೆ
ಮಲಗುವ ಹೊತ್ತು ಯಾವುದು?
ಗುರುವಾರದ ಗುಳಿಗೆ ಶನಿವಾರ ಸಿಕ್ಕಿತು
ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ.
ಆ ಶನಿವಾರಕ್ಕೀಗ ಐದು ವರ್ಷ,
ಹೊರಗೆ ಜಗಲಿಯಲ್ಲಿ ಕಲ್ಲಾಡುತ್ತಿದ್ದಾನೆ.

ಆಮೇಲೆ ಸೂಜಿ, ಮೂರು ತಿಂಗಳಿಗೊಂದು.
ಮೈಗೆ ಒಗ್ಗಿತು. ದೋಣಿಗೆ ಒಗ್ಗಲಿಲ್ಲ:
ಎಂಬಿಟಾದಲ್ಲಿ ಔಷಧ ಬಂದರೆ ಇಲ್ಲಿ ಗಾಳಿ,
ಗಾಳಿ ಇಳಿದರೆ ಪೆಟ್ಟಿಗೆ ಖಾಲಿ.
ಮುಟ್ಟು ನಿಂತದ್ದು ಕಂಡು ಅತ್ತೆ ಬೆರಳು ಮಡಚಿ ಎಣಿಸಿದಳು.
ಎರಡೂ ಕೈ ಮುಗಿದರೂ ಹೊಟ್ಟೆ ಬರಲಿಲ್ಲ.
ಮರುದಿನ ಒಲೆಯ ಮೇಲೆ ಯಾವುದೋ ಕಹಿ ಬೇರು ಕುದಿಯುತ್ತಿತ್ತು.

ಆಮೇಲೆ ತೋಳಿನ ಚರ್ಮದಡಿ ಎರಡು ಕಡ್ಡಿ,
ಬೆಂಕಿಕಡ್ಡಿಯಷ್ಟು.
ಐದು ವರ್ಷ ಮರೆತುಬಿಡು ಎಂದವಳು ನಾನೇ.
ಮೈ ಮರೆಯಲಿಲ್ಲ. ನಲವತ್ತೆರಡು ದಿನ ಬಿಡದೆ ಹೋಯಿತು.
ಸರೋವರದ ದಡದ ಒಗೆವ ಕಲ್ಲಿಗೂ ಅವಳ ಗುರುತು ಸಿಕ್ಕಿತ್ತಂತೆ.

"ಅದಕ್ಕೇ ತೆಗೆಸ್ತೀಯಾ?"
"ಅಲ್ಲ. ಅದನ್ನ ತಡ್ಕೊಂಡೆ."

ಕಿಟಕಿಯಾಚೆ ಯಾರೋ ದೋಣಿಯ ಮೋಟಾರು ಎಳೆದರು.
ಹತ್ತಲಿಲ್ಲ. ಮತ್ತೆ ಎಳೆದರು.

"ನಿದ್ದೆಗಣ್ಣಲ್ಲಿ ಅವನ ಹೆಬ್ಬೆರಳು ಅಲ್ಲಿಗೆ ಬಂತು.
ಒತ್ತಿ ನೋಡಿತು. ಒಂದು. ಎರಡು.
ಏನೂ ಕೇಳಲಿಲ್ಲ ಅವನು.
ಕೇಳಿದ್ದರೆ ಏನೋ ಒಂದು ಹೇಳಿರುತ್ತಿದ್ದೆ.
ಅವತ್ತಿಂದ ಆ ತೋಳನ್ನ ಅಡಿಗೆ ಹಾಕ್ಕೊಂಡು ಮಲಗ್ತೀನಿ,
ಬೆಳಗಾದ್ರೆ ಜೋಮು."

ತೆಗೆದೆ.
ತೋಳಿನ ಗುಟ್ಟು ಒಡಲಿಗಿಳಿಯಿತು: ವಂಕಿ.
ತೋಳಿಗೆ ತೊಡುವ ಒಡವೆಯ ಹೆಸರು ಹೊತ್ತು
ಯಾರಿಗೂ ಕಾಣದಲ್ಲಿ ಹೋಗಿ ಕೂತಿತು.
"ದಾರ ಗಿಡ್ಡ ಕತ್ತರಿಸು" ಅಂದಳು.
ಇನ್ನೂ ಗಿಡ್ಡ, ಅಂದಳು.

ಪುಸ್ತಕ ತೆರೆದೆ. ಪೆನ್ನು 'ಹೆಬ್ಬೆ' ತನಕ ಹೋಗಿ ನಿಂತಿತು.
ಹೊಡೆದುಹಾಕಿದೆ. ಉಳಿದ ಅರ್ಧ ಅಂಗುಲದಲ್ಲಿ
ಅದೇ ಎರಡು ಪದ, ಒತ್ತೊತ್ತಾಗಿ.
ನನ್ನ ಕಾರ್ಡಿನಲ್ಲೂ ಅದೇ ಇದೆ, ನನ್ನದೇ ಅಕ್ಷರ,
ಮೇಜಿನ ಕೆಳಖಾನೆಯಲ್ಲಿ.

ಅವಿನೊ ಬಾಗಿಲಲ್ಲಿ ನಿಂತು ಮಗನನ್ನು ಕರೆದಳು.
ಇನ್ನೊಂದೇ ಆಟ, ಅಂದ.
ಹೊಟ್ಟೆ ಹಿಡಿದುಕೊಂಡೇ ಗೋಡೆಗೊರಗಿ
ಆಟ ಮುಗಿಯುವ ತನಕ ಕಾದಳು.